ಮೊದಲು ಹೂಂ ಅಂದವರು

ಎಂಟ್ವಿಸಲ್ ಮನೆಯಲ್ಲಿ ಯಾರನ್ನು ಏನು ಕೇಳಿದರೂ ಉತ್ತರ ಮಾತ್ರ ಇನ್ನೊಬ್ಬರ ಹತ್ತಿರ ಇರುತ್ತಿತ್ತು.

ಬುಧವಾರ ಸಂಜೆ ಹೆಟ್ಟಿ ಮೊದಲು ಅಪ್ಪನನ್ನೇ ಕೇಳಿದಳು. ಅಪ್ಪ ವಿಲ್ಫ್ ಹಿತ್ತಲಿನ ಪಾರಿವಾಳದ ಗೂಡಿನೊಳಗೆ ಅರ್ಧ ಮೈ ತೂರಿಸಿ ನಿಂತಿದ್ದ. ಕಾರ್ಖಾನೆಯಲ್ಲಿ ತಾವು ಕಟ್ಟುತ್ತಿರುವ ಕಂಪ್ಯೂಟರನ್ನು ಗ್ಲಾಸ್ಗೋದ ಹಡಗು ಕಚೇರಿಯೊಂದು ಕೊಂಡಿದೆ, ಅದರ ಜೊತೆ ಹೋಗಿ ಒಂದು ವರ್ಷ ನೋಡಿಕೊಳ್ಳಲು ತಂತಿ ಬೆಸೆಯುವ ಹುಡುಗಿಯೊಬ್ಬಳು ಬೇಕಂತೆ, ತನ್ನನ್ನೇ ಕೇಳಿದ್ದಾರೆ, ಶುಕ್ರವಾರ ಮಧ್ಯಾಹ್ನದೊಳಗೆ ಹೇಳದಿದ್ದರೆ ಬೇರೆಯವಳು ಹೋಗುತ್ತಾಳೆ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಗೂಡಿನ ಬಾಗಿಲಿಗೆ ಸುರಿದಳು.

"ನಿಮ್ಮಮ್ಮನ್ನ ಕೇಳು," ಎಂದಿತು ಗೂಡು.

ಅಮ್ಮ ಆಗ್ನೆಸ್ ಒಲೆಯಿಂದ ಮಾಂಸ, ಆಲೂಗಡ್ಡೆ ಬೆಂದ ಪಾತ್ರೆಯನ್ನು ಹೊರಗೆಳೆಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ನಂದೇನಿದೆಯೇ ಇದರಲ್ಲಿ? ದೊಡ್ಡೋರು ಇರೋ ಮನೆ. ನಿಮ್ಮಜ್ಜಿ ಹೂಂ ಅಂದ್ರೆ ನಂದೂ ಹೂಂ. ಅವರು ಬಾಯಿ ಬಿಡೋಕೆ ಮುಂಚೆ ನಾನು ಅಂದೆ ಅಂತಿಟ್ಕೋ, ಬೀದಿಯೋರೆಲ್ಲ ಏನಂತಾರೆ? 'ಅತ್ತೇನ ಮೂಲೇಲಿ ಕೂರಿಸಿ ತಾನೇ ಯಜಮಾನಿ ಆಗಿದಾಳೆ' ಅಂತಾರೆ."

ಅಜ್ಜಿ ಸೆಲೀನಾ ಬೆಂಕಿಗೂಡಿನ ಪಕ್ಕದ ಕುರ್ಚಿಯಲ್ಲಿ ಕೂತು, ಜುಲೈ ತಿಂಗಳಿನಲ್ಲಿ, ಬೂದು ಬಣ್ಣದ ದಪ್ಪ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಹೆಟ್ಟಿ ಅವಳ ಮುಂದೆ ಮಂಡಿಯೂರಿ, ಮುಖಕ್ಕೆ ಬೆಳಕು ಬೀಳುವಂತೆ ತಿರುಗಿ, ಸದ್ದಿಲ್ಲದೆ ತುಟಿಗಳಲ್ಲೇ ಎಲ್ಲವನ್ನೂ ಹೇಳಿದಳು. ಅಜ್ಜಿ ಕೊನೆಯವರೆಗೂ ನೋಡಿದಳು.

"ಅಡುಗೆಮನೆ ಅವಳದು, ಮಗಳೂ ಅವಳ ಮಗಳು," ಎಂದಳು ಅಜ್ಜಿ. "ನಿಮ್ಮಮ್ಮ ಹೂಂ ಅಂದ್ರೆ ನಾನೂ ಹೂಂ. ನಾನು ಮೊದಲು ಬಾಯಿ ಹಾಕಿ, 'ಮುದುಕಿ ನನ್ನ ಮನೆ ಆಳ್ತಾಳೆ' ಅಂತ ಸೊಸೆ ಕೈಲಿ ಅನ್ನಿಸ್ಕೊಳ್ಳಲಾ?"

"ಅಮ್ಮ ಹಾಗೆ ಅನ್ನಲ್ಲ ಅಜ್ಜಿ."

"ಅನ್ನಲ್ಲ. ಅದಕ್ಕೇ ಭಯ."

ಊಟಕ್ಕೆ ಕೂತಾಗ ಅತ್ತೆ ಸೊಸೆಗೆ ಉಪ್ಪು ಕೊಟ್ಟಳು, ಸೊಸೆ ಅತ್ತೆಗೆ ಮೆತ್ತಗಿನ ಆಲೂಗಡ್ಡೆ ಆರಿಸಿ ಬಡಿಸಿದಳು. ಇಬ್ಬರೂ ಒಳ್ಳೆಯವರು. ತೊಂದರೆಯೆಲ್ಲ ಅಲ್ಲೇ ಇದ್ದದ್ದು. ಇಬ್ಬರಲ್ಲಿ ಒಬ್ಬಳು ಕೆಟ್ಟವಳಾಗಿದ್ದರೂ ಸಾಕಿತ್ತು, ಹೆಟ್ಟಿಗೆ ಯಾವುದೋ ಒಂದು ಉತ್ತರ ಸಿಕ್ಕಿರುತ್ತಿತ್ತು.

ಆ ಊರಿನ ಹೆಂಗಸರ ಮಾತಿನ ರೀತಿಯೇ ಬೇರೆ. ಲ್ಯಾಂಕಶೈರಿನ ಹತ್ತಿ ಗಿರಣಿಯೊಳಗೆ ಮಗ್ಗಗಳೆಲ್ಲ ಒಟ್ಟಿಗೆ ಅಬ್ಬರಿಸುವಾಗ ಪಕ್ಕದವಳ ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅವರು ಸದ್ದನ್ನೇ ಬಿಟ್ಟುಬಿಟ್ಟಿದ್ದರು. ಬಾಯಿಯನ್ನು ಅಗಲವಾಗಿ ತೆರೆದು, ಒಂದೊಂದು ಮಾತನ್ನೂ ತುಟಿಯ ಮೇಲೆ ಇಟ್ಟು ತೋರಿಸುತ್ತಿದ್ದರು. ಗಿರಣಿಯ ಆ ತುದಿಯಲ್ಲಿದ್ದವಳು ಈ ತುದಿಯವಳ ಗಂಡನ ಕುಡಿತದ ಕಥೆ ಓದಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಸೆಲೀನಾ ಅಜ್ಜಿಯ ಕಿವಿಗಳನ್ನು ಮಗ್ಗಗಳು ಎಂದೋ ತಿಂದುಹಾಕಿದ್ದವು. ಕಣ್ಣು ಮಾತ್ರ ಗಿಡುಗನ ಕಣ್ಣು. ಹೆಟ್ಟಿ ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಗಳಿಗೂ ಸದ್ದಿರಲಿಲ್ಲ. ದೀಪದ ಬೆಳಕಿನಲ್ಲಿ ಅಜ್ಜಿಯ ತುಟಿಗಳು ಆಡುತ್ತಿದ್ದವು. ರಾಕ್ಷಸ ಬಂದಾಗ ಬಾಯಿ ಗುಹೆಯಾಗುತ್ತಿತ್ತು, ಪುಟ್ಟ ರಾಜಕುಮಾರಿ ಮಾತಾಡಿದರೆ ಗುಂಡಿಯಷ್ಟಾಗುತ್ತಿತ್ತು. ಹೆಟ್ಟಿ ಕಥೆಗಳನ್ನು ನೋಡುತ್ತ ಬೆಳೆದ ಹುಡುಗಿ. ಅದರಿಂದಲೋ ಏನೋ, ಒಬ್ಬಳೇ ಯೋಚಿಸುವಾಗಲೂ ಅವಳ ತುಟಿಗಳು ತಾವಾಗಿ ಆಡುತ್ತಿದ್ದವು. ಅವಳಿಗೆ ಅದು ಗೊತ್ತಿರಲಿಲ್ಲ. ಬೀದಿಗೆಲ್ಲ ಗೊತ್ತಿತ್ತು.

ಆ ಕಥೆಗಳಲ್ಲಿ ಒಂದು, ಕೋಟೆಯ ಬಾಗಿಲು ಕಾಯುವ ಮೂವರು ಅಕ್ಕತಂಗಿಯರದು. ಹಿರಿಯಕ್ಕ ಮಹಾ ಬಿಗಿ: ಎರಡು ಕಡೆಯಿಂದಲೂ ತಟ್ಟಿದರೆ ಮಾತ್ರ ಬಾಗಿಲು ತೆಗೆಯುವಳು. ನಡುವಿನವಳು ಧಾರಾಳಿ: ಯಾವ ಕಡೆಯಿಂದ ತಟ್ಟಿದರೂ ಸರಿ, ತೆಗೆದೇ ಬಿಡುವಳು. ಕಿರಿಯವಳು ತಿಕ್ಕಲು: ತಟ್ಟಿದರೆ ಮುಚ್ಚುವಳು, ಯಾರೂ ತಟ್ಟದಿದ್ದರೆ ತೆಗೆದಿಟ್ಟು ಕೂರುವಳು. ಕಾರ್ಖಾನೆಗೆ ಸೇರಿದ ಮೊದಲ ವಾರ ಎಂಜಿನಿಯರ್ ಮಿಸ್ಟರ್ ಕ್ರಾಬ್‌ಟ್ರೀ ಹೊಸ ಹುಡುಗಿಯರನ್ನು ಸಾಲಾಗಿ ಕೂರಿಸಿ, ಈ ದೈತ್ಯ ಯಂತ್ರದೊಳಗೆ ಇರುವುದು ಮೂರೇ ಬಗೆಯ ಬಾಗಿಲು, ಒಂದಕ್ಕೆ ಎರಡೂ ಬೇಕು, ಒಂದಕ್ಕೆ ಯಾವುದಾದರೂ ಸಾಕು, ಒಂದು ಹೇಳಿದ್ದಕ್ಕೆ ಉಲ್ಟಾ ಎಂದಾಗ, ಹೆಟ್ಟಿ ಎದ್ದು ನಿಂತು "ನಂಗೆ ಅವರೆಲ್ಲ ಗೊತ್ತು ಸಾರ್!" ಅಂದುಬಿಟ್ಟಿದ್ದಳು. ಎಲ್ಲರೂ ನಕ್ಕಿದ್ದರು.

ಕ್ರಾಬ್‌ಟ್ರೀ ನಕ್ಕಿರಲಿಲ್ಲ. ಅವನೂ ತಲೆಕೆಟ್ಟವನೇ. "ಹಾಗಾದ್ರೆ ನಿಮ್ಮ ಅಕ್ಕತಂಗಿಯರ ಕೈಲಿ ಒಂದಕ್ಕೆ ಒಂದು ಕೂಡಿಸಿ ನೋಡೋಣ, ಮಿಸ್ ಎಂಟ್ವಿಸಲ್," ಎಂದಿದ್ದ. ಹೆಟ್ಟಿ ಊಟದ ಡಬ್ಬಿಯ ಕಾಗದದ ಮೇಲೆ ಗೀಚಿ ಗೀಚಿ ಎರಡು ದಿನಕ್ಕೆ ಕಂಡುಕೊಂಡಿದ್ದಳು: ಒಬ್ಬರೇ ತಟ್ಟಿದರೆ ಈ ಮನೆಯ ದೀಪ ಹೊತ್ತಬೇಕು. ಇಬ್ಬರೂ ತಟ್ಟಿದರೆ ಈ ಮನೆ ಕತ್ತಲು, ಪಕ್ಕದ ಮನೆಯ ದೀಪ ಬೆಳಕು. ನಡುವಿನವಳು ಇಲ್ಲಿನ ದೀಪ ಹೊತ್ತಿಸುತ್ತಾಳೆ. ಹಿರಿಯಕ್ಕ, ಕೂಡುವಾಗ ಕೈಯಲ್ಲಿ ಉಳಿಯುವ ಒಂದರಂತೆ, ಪಕ್ಕದ ಮನೆಗೆ ಸುದ್ದಿ ದಾಟಿಸುತ್ತಾಳೆ. ತಿಕ್ಕಲು ತಂಗಿ ಆ ಸುದ್ದಿ ಕೇಳಿಯೇ ಇಲ್ಲಿನ ದೀಪಕ್ಕೆ ಅಡ್ಡಿ ಹಾಕುತ್ತಾಳೆ. ಇಂಥ ಮನೆಗಳನ್ನು ಸಾಲಾಗಿ ಕಟ್ಟುತ್ತ ಹೋದರೆ ಎಷ್ಟು ದೊಡ್ಡ ಲೆಕ್ಕವಾದರೂ ಬೀದಿಯುದ್ದಕ್ಕೂ ದೀಪವಾಗಿ ಹೊತ್ತಿ ನಿಲ್ಲುತ್ತದೆ. ಅಂದಿನಿಂದ ಅವಳಿಗೆ ಆ ಯಂತ್ರ ಯಂತ್ರವಾಗಿ ಕಾಣಲಿಲ್ಲ. ತಾನು ಬೆಸೆದ ಒಂದೊಂದು ತಂತಿಯ ತುದಿಯಲ್ಲೂ ಒಬ್ಬಳು ಕೂತು ಕಿವಿಗೊಟ್ಟು ಕಾಯುತ್ತಿದ್ದಾಳೆ ಅನ್ನಿಸುತ್ತಿತ್ತು. ಈಗ ಅವರನ್ನೆಲ್ಲ ಪೆಟ್ಟಿಗೆಗೆ ತುಂಬಿ ಗ್ಲಾಸ್ಗೋಗೆ ಕಳಿಸಿ, ತಾನು ಇಲ್ಲಿ ಉಳಿಯುವುದೆಂದರೆ!

ಗುರುವಾರ ಬೆಳಗ್ಗೆ ಅವಳು ಯಂತ್ರದ ಮುಂದಿನ ಹಲಗೆಯ ಕೆಲಸಕ್ಕೆ ಕೂತಿದ್ದಳು. ಯಂತ್ರದ ಹೊಟ್ಟೆಯ ತುಂಬ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳಿದ್ದರೂ ಮುಂದಿನ ಹಲಗೆಯಲ್ಲಿ ಇದ್ದದ್ದು ರಿಲೇಗಳು. ಸುರುಳಿಗೆ ಕರೆಂಟು ಬಂದರೆ ಟಕ್ ಎಂದು ಕಬ್ಬಿಣದ ಪುಟ್ಟ ನಾಲಗೆಯನ್ನು ಎಳೆದುಕೊಂಡು ಮುಂದಿನವಳಿಗೆ ದಾರಿ ಬಿಡುವಂಥವು. ನಕ್ಷೆಯಂತೆ ಒಂದು ಜೋಡಿ ಬೆಸೆದು ಮುಗಿಸಿ ನೋಡಿದರೆ ಅವಳಿಗೆ ಸಿಟ್ಟೇ ಬಂತು.

"ಮಿಸ್ಟರ್ ಕ್ರಾಬ್‌ಟ್ರೀ, ಈ ನಕ್ಷೆ ತಪ್ಪು. ಇವಳಿಗೆ ಕರೆಂಟು ಬರಬೇಕಾದ್ರೆ ಅವಳು ಮೊದಲು ಬಾಯಿ ಬಿಡಬೇಕು. ಅವಳಿಗೆ ಬರಬೇಕಾದ್ರೆ ಇವಳು ಬಿಡಬೇಕು. ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸಾಯೋವರೆಗೂ ಹೀಗೇ ಕೂತಿರ್ತಾರೆ." ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. ಇದನ್ನು ನಿನ್ನೆ ಊಟದ ಮೇಜಿನಲ್ಲಿ ನೋಡಿದ್ದೆನಲ್ಲ!

"ಕೂತಿರ್ತಾರೆ," ಎಂದ ಕ್ರಾಬ್‌ಟ್ರೀ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅದರ ತುದಿಯಿಂದ ಒಂದು ರಿಲೇಯ ನಾಲಗೆಯನ್ನು ಮೆಲ್ಲನೆ ಒತ್ತಿದ. ಟಕ್, ಟಕ್. ಎರಡೂ ಎಳೆದುಕೊಂಡವು, ಹಲಗೆಯ ಮೇಲೆ ಅವುಗಳ ಎರಡು ದೀಪವೂ ಹೊತ್ತಿದವು. ಪೆನ್ಸಿಲ್ ತೆಗೆದ. ದೀಪ ಆರಲಿಲ್ಲ.

"ಕೈ ತೆಗೆದ್ರಲ್ಲ!"

"ಇನ್ನು ನನ್ನ ಕೈ ಯಾಕೆ? ಇವಳನ್ನ ಅವಳು ಹಿಡ್ಕೊಂಡಿದಾಳೆ, ಅವಳನ್ನ ಇವಳು. ಮೊದಲು ಒತ್ತಿದ್ಯಾರು ಅಂತ ಅವರಿಗೆ ನೆನಪೂ ಇಲ್ಲ. ಯಂತ್ರ ಒಂದು ಮಾತು ನೆನಪಿಟ್ಕೊಳ್ಳೋದು ಹೀಗೇ."

"ಮತ್ತೆ ಮರೆಸಬೇಕಾದ್ರೆ?"

"ಮಧ್ಯೆ ಎಲ್ಲಾದ್ರೂ ಒಂದು ಕ್ಷಣ ತಂತಿ ಬಿಡಿಸಿದ್ರೆ ಸಾಕು. ಇಬ್ರೂ ಧೊಪ್ ಅಂತ ಬೀಳ್ತಾರೆ." ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಗ್ಲಾಸ್ಗೋ ವಿಷಯ ಏನಾಯ್ತು?" ಎಂದ.

"ನಾಳೆ ಹೇಳ್ತೀನಿ ಸಾರ್," ಎಂದಳು ಹೆಟ್ಟಿ. ಅವಳ ಕಣ್ಣು ಪೆನ್ಸಿಲಿನ ಮೇಲೇ ಇತ್ತು.

ಸಂಜೆ ಬಸ್ಸಿಳಿದ ಮೇಲೆ ಅವಳು ಗೆಳತಿ ಮೇವಿಸಳನ್ನು ತಡೆದು ನಿಲ್ಲಿಸಿ ಉಪಾಯ ಹೇಳಿದಳು. ನಿಲ್ದಾಣ ಇದ್ದದ್ದು ಮನೆಯ ಎದುರಿಗೇ. ಯಾರಿಗೂ ಕೇಳಬಾರದೆಂದು ಪಿಸುಗುಟ್ಟುತ್ತಲೇ ಹೇಳಿದಳು.

"ಅಮ್ಮ ಹೂಂ ಅಂದ್ಳು ಅಂತ ಅಜ್ಜಿಗೆ ಹೇಳ್ತೀನಿ. ಅಜ್ಜಿ ಹೂಂ ಅಂತಾರೆ. ಓಡಿಹೋಗಿ ಅಮ್ಮಂಗೆ ಹೇಳ್ತೀನಿ, ಅಜ್ಜಿ ಹೂಂ ಅಂದ್ರು ಅಂತ. ಅದು ನಿಜಾನೇ ಆಗಿರತ್ತಲ್ಲ? ಅಮ್ಮಾನೂ ಹೂಂ ಅಂತಾಳೆ. ಆಗ ನಾನು ಮೊದಲು ಹೇಳಿದ್ದೂ ನಿಜ ಆಗೋಗತ್ತೆ. ಸುಳ್ಳು ಇರೋದು ಅಂಗಡಿಗೆ ಹೋಗಿಬರೋಷ್ಟು ಹೊತ್ತು ಮಾತ್ರ."

"ನಿಂಗೆ ತಲೆ ಕೆಟ್ಟಿದೆ," ಎಂದಳು ಮೇವಿಸ್. "ಮತ್ತೆ, ಬಾಯಿ ಯಾಕೆ ಅಷ್ಟಗಲ ಮಾಡ್ತಿದೀಯ? ಪಿಸುಗುಡ್ತಿದೀಯೋ, ಹಾಡು ಹೇಳ್ತಿದೀಯೋ?"

"ಪಿಸುಗುಡ್ತಾನೇ ಇದೀನಿ!" ಎಂದಳು ಹೆಟ್ಟಿ, ಇನ್ನೂ ಅಗಲವಾಗಿ.

ಬೇಸಿಗೆಯ ಸಂಜೆಗಳಲ್ಲಿ ಆ ಬೀದಿಯ ಮುದುಕಿಯರೆಲ್ಲ ಕುರ್ಚಿಗಳನ್ನು ಹೊಸ್ತಿಲಿನಾಚೆ ಹಾಕಿಕೊಂಡು ಕೂರುತ್ತಿದ್ದರು. ಎಲ್ಲರೂ ಒಂದೇ ಗಿರಣಿಯಲ್ಲಿ ಸವೆದವರು. ಸೆಲೀನಾ ಅಜ್ಜಿಯದು ಒಳಗಿನ ಕುರ್ಚಿಯೇ ವಾಡಿಕೆ, ಗಾಳಿ ಆಗದು. ಆದರೆ ಹೆಟ್ಟಿ ರಸ್ತೆ ದಾಟಿ ಬರುವಷ್ಟರಲ್ಲಿ ಅಜ್ಜಿ ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ಬಂದು ಬೀದಿಗೆ ಮುಖ ಮಾಡಿ ಕೂತಿದ್ದಳು. ಹೆಟ್ಟಿ ಇದನ್ನು ನೋಡಿದಳು. ನೋಡಿ, ಪಾಪ ಒಳಗೆ ಸೆಖೆ ಇರಬೇಕು ಎಂದುಕೊಂಡಳು. ಕನಸು ಕಾಣುವವರ ಕಣ್ಣೇ ಹಾಗೆ, ತೆರೆದೇ ಇರುತ್ತದೆ.

ಅವಳು ಅಜ್ಜಿಯ ಮುಂದೆ ಕೂತು, ತುಟಿಯನ್ನು ಸಾಧ್ಯವಾದಷ್ಟು ಕಡಿಮೆ ಆಡಿಸಿ, "ಅಮ್ಮ ಹೂಂ ಅಂದ್ಳು," ಎಂದಳು.

"ಏನು?" ಎಂದಳು ಅಜ್ಜಿ.

"ಅಮ್ಮ ಹೂಂ ಅಂದ್ಳು."

"ಬಾಯಿಗೇನಾಗಿದೆಯೇ? ಹಲ್ಲುನೋವಾ? ಹೊಲಿಗೆ ಹಾಕಿದ ಹಾಗಿದೆ. ಎದ್ದು ನಿಂತು ಹೇಳು, ಬೆಳಕಿಗೆ ತಿರುಗು. ಹಾಂ, ಬೀದಿ ಕಡೆ. ಇನ್ನೂ ಸ್ವಲ್ಪ."

ಅಜ್ಜಿಯೂ ಕುರ್ಚಿಯನ್ನು ಬೀದಿಯಂಚಿಗೆ ಸರಿಸಿ ತಿರುಗಿಸಿಕೊಂಡಳು. ಬೇರೆ ದಾರಿ ಇರಲಿಲ್ಲ. ಹೆಟ್ಟಿ ಎದ್ದು ನಿಂತು, ಬೀದಿಯ ಬೆಳಕಿಗೆ ಮುಖ ಕೊಟ್ಟು, ಗಿರಣಿಯ ಆ ತುದಿಗೂ ಮುಟ್ಟುವಂತೆ ಬಾಯಿ ತೆರೆದು, ತನ್ನ ಪುಟ್ಟ ಸುಳ್ಳನ್ನು ಹೇಳಿದಳು. ಅಮ್ಮ. ಹೂಂ. ಅಂದ್ಳು. ಗ್ಲಾಸ್ಗೋಗೆ.

"ಹಾಗಾ!" ಎಂದಳು ಅಜ್ಜಿ. "ಹಾಗಾದ್ರೆ ನಂದೂ ಹೂಂ."

ಹೆಟ್ಟಿಯ ಎದೆಯೊಳಗೆ ಟಕ್ ಎಂದಿತು. ಇನ್ನು ಅಮ್ಮನ ಹತ್ತಿರ ಓಡುವುದೊಂದೇ. ತಿರುಗಿ ನೋಡಿದರೆ ಎದುರು ಮನೆಯ ಹೊಸ್ತಿಲಲ್ಲಿ ಮಿಸೆಸ್ ಆಗ್ಡನ್ ಬಟಾಣಿ ಸುಲಿಯುವುದನ್ನು ನಿಲ್ಲಿಸಿ, ಪಕ್ಕದವಳ ಕಡೆ ತಿರುಗಿ ಬಾಯಿ ಅಗಲಿಸುತ್ತಿದ್ದಳು. ಆಗ್ನೆಸ್. ಹೂಂ. ಅಂದ್ಳಂತೆ. ಪಕ್ಕದವಳು ತನ್ನ ಪಕ್ಕದವಳಿಗೆ ತಿರುಗಿದಳು. ಬೀದಿಯಲ್ಲಿ ಒಂದು ಪಿಸುಮಾತೂ ಕೇಳಿಸಲಿಲ್ಲ. ಒಂದಾದ ಮೇಲೊಂದು ಬಾಯಿ ತೆರೆಯಿತು, ಮುಚ್ಚಿತು. ಹೊಸ್ತಿಲಿನಿಂದ ಹೊಸ್ತಿಲಿಗೆ ಸುದ್ದಿ ಬೀದಿಯ ಇಳಿಜಾರಿನಲ್ಲಿ ದೀಪ ಹತ್ತಿಸುತ್ತ ಹೋಯಿತು, ನೇರ ಮೂಲೆಯ ಅಂಗಡಿಯ ಕಡೆಗೆ. ಅಮ್ಮ ಇದ್ದದ್ದು ಅಲ್ಲೇ.

ಹೆಟ್ಟಿ ಓಡಿದಳು. ಎಷ್ಟು ಓಡಿದರೂ ಸುದ್ದಿ ಎರಡು ಮನೆ ಮುಂದೆಯೇ ಇತ್ತು. ಪ್ರತಿ ಹೊಸ್ತಿಲಿನಲ್ಲೂ ಒಬ್ಬೊಬ್ಬಳು ಅವಳನ್ನು ತಡೆದು "ಒಳ್ಳೇದಾಗ್ಲಿ ಕಣೇ ಹುಡುಗಿ", "ಅಲ್ಲಿನ ಗಂಜಿಗೆ ಸಕ್ಕರೆ ಬದಲು ಉಪ್ಪು ಹಾಕ್ತಾರಂತೆ, ಹುಷಾರು" ಎಂದು ಕೈ ಹಿಡಿಯುತ್ತಿದ್ದಳು.

ಅಂಗಡಿಯ ಬಾಗಿಲಿಗೆ ಅವಳು ಏದುಸಿರು ಬಿಡುತ್ತ ಮುಟ್ಟಿದಾಗ ಒಳಗೆ ಆಗ್ನೆಸ್ ಕೈಯಲ್ಲಿ ಹಂದಿಮಾಂಸದ ಪೊಟ್ಟಣ ಹಿಡಿದು, ನಾಲ್ಕು ಹೆಂಗಸರ ನಡುವೆ ನಿಂತಿದ್ದಳು.

"ಧೈರ್ಯ ಬೇಕು ಆಗ್ನೆಸ್, ಹೆಣ್ಣು ಮಗೂನ ಅಷ್ಟು ದೂರ ಕಳಿಸೋಕೆ," ಎನ್ನುತ್ತಿದ್ದಳು ಒಬ್ಬಳು. "ನೀನು ಹೂಂ ಅಂದೆ ಅಂತ ಕೇಳಿ ನಂಬೋಕೇ ಆಗ್ಲಿಲ್ಲ."

ಆಗ್ನೆಸಳ ಮುಖದಲ್ಲಿ ಏನೇನೋ ಹಾದುಹೋಯಿತು. ತನ್ನ ಮನೆಯಲ್ಲಿ ಏನು ನಡೆದಿದೆಯೆಂದು ಅಂಗಡಿಯಲ್ಲಿ ತಿಳಿದುಕೊಳ್ಳುವುದು ಆ ಊರಿನ ಯಾವ ಹೆಂಗಸಿಗೂ ಆಗದ ಮಾತು. ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಮತ್ತಿನ್ನೇನು? ನಮ್ಮ ಹೆಟ್ಟಿ ಇಲ್ದೆ ಆ ಯಂತ್ರಕ್ಕೆ ಎರಡೂ ಎರಡೂ ಕೂಡಿಸೋಕೆ ಬರಲ್ಲವಂತೆ. ಕಳಿಸ್ತಾ ಇದೀವಿ." ಆಮೇಲೆ ಬಾಗಿಲಲ್ಲಿ ನಿಂತ ಮಗಳನ್ನು ನೋಡಿ, ಸಕ್ಕರೆಯಂಥ ದನಿಯಲ್ಲಿ, "ಬಂದೆಯಾ ಚಿನ್ನ? ಬಾ, ಮನೆಗೆ ಹೋಗೋಣ," ಎಂದಳು.

ಚಿನ್ನದ ಮೊಣಕೈಯನ್ನು ಬೀದಿಯುದ್ದಕ್ಕೂ ಚಿವುಟಿ ಹಿಡಿದೇ ನಡೆದಳು. ಮುಖದಲ್ಲಿ ನಗು, ಎರಡೂ ಕಡೆಗೆ ತಲೆಯಾಡಿಸುತ್ತ, ಹಲ್ಲಿನ ಸಂದಿಯಲ್ಲಿ ಕೇಳಿದಳು: "ನಾನು ಯಾವಾಗಲೇ ಹೂಂ ಅಂದಿದ್ದು?"

"ಅಜ್ಜಿ ಹೂಂ ಅಂದ್ರು ಅಮ್ಮ."

"ನಿಜವಾಗ್ಲೂ?"

"ಅಜ್ಜಿ ಹೂಂ ಅಂದ್ರು. ಆಣೆ."

ಹಿಡಿತ ಸ್ವಲ್ಪ ಸಡಿಲವಾಯಿತು. "ಅವರು ಅಂದಿದ್ರೆ ಸರಿ," ಎಂದಳು ಆಗ್ನೆಸ್. "ಅವರು ಅಂದ್ಮೇಲೆ ನಂದೇನು."

ಎರಡು ದೀಪವೂ ಹೊತ್ತಿದ್ದವು. ಹೆಟ್ಟಿ ಇನ್ನು ಮೆಲ್ಲನೆ ಪೆನ್ಸಿಲ್ ಹಿಂದಕ್ಕೆ ತೆಗೆದುಕೊಂಡರೆ ಆಯಿತು. ಊಟದ ಹೊತ್ತಿಗೆ ಅವಳು ಮನಸ್ಸಿನಲ್ಲೇ ಗ್ಲಾಸ್ಗೋದ ಬೀದಿಗಳಲ್ಲಿ ನಡೆಯುತ್ತಿದ್ದಳು. ಆಗ ಎಂದೂ ಏನನ್ನೂ ಕೇಳದ ಅಪ್ಪ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಲೋಕದ ಎಲ್ಲ ಮುಗ್ಧತೆಯಿಂದ ಕೇಳಿದ:

"ಅಲ್ಲ ಆಗ್ನೆಸ್, ನೀನು ನಮ್ಮಮ್ಮ ಅಂದ್ರೆ ಅಂತೀನಿ ಅಂತಿದ್ದೆ. ನಮ್ಮಮ್ಮ ನೀನು ಅಂದ್ರೆ ಅಂತೀನಿ ಅಂತಿದ್ರು. ಹಾಗಾದ್ರೆ ಮೊದಲು ಹೂಂ ಅಂದಿದ್ಯಾರು?"

ಆಗ್ನೆಸ್ ಅತ್ತೆಯನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು. ಎಲ್ಲೋ ಒಂದು ತಂತಿ ಬಿಟ್ಟುಕೊಳ್ಳುವುದು ಹೆಟ್ಟಿಗೆ ಕೇಳಿಸಿತು. ನಾಳೆ ಮಧ್ಯಾಹ್ನ ಬೇರೆಯವಳ ಹೆಸರು ಬರೆದುಕೊಳ್ಳುವ ಕ್ರಾಬ್‌ಟ್ರೀ ಕಂಡ. ಅವಳು ಕುರ್ಚಿ ಹಿಂದೆ ಸರಿಸಿ, "ಅಮ್ಮ, ನಾನು..." ಎಂದಳು.

"ನಾನು," ಎಂದಳು ಅಜ್ಜಿ.

ಮಗನ ತುಟಿ ಅವಳಿಗೆ ಚೆನ್ನಾಗಿಯೇ ಕಂಡಿತ್ತು. "ನಾನೇ ಮೊದಲು ಅಂದಿದ್ದು. ನೀನು ಅಂದಿಲ್ಲ ಅಂತ ಗೊತ್ತಿದ್ದೇ ಅಂದೆ, ಆಗ್ನೆಸ್. ಇವಳು ಬಸ್ ನಿಲ್ದಾಣದಲ್ಲಿ ನಿಂತು ಮೇವಿಸಂಗೆ ಎಲ್ಲಾ ಹೇಳ್ತಿದ್ದಳಲ್ಲ, ಪಿಸುಗುಡ್ತಾಳಂತೆ ಪಿಸು! ಕಿಟಕಿಯಿಂದ ಒಂದಕ್ಷರ ಬಿಡದೆ ಓದಿದೆ. ಆ ಬಾಯಿಗೆ ಮಾತು ಕಲಿಸಿದೋಳು ನಾನು, ನನ್ನ ಹತ್ರ ಗುಟ್ಟು ಮಾಡ್ತಾಳೆ."

ಹೆಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಪ್ಪತ್ತು ವರ್ಷ ತಡವಾಗಿ.

"ಗೊತ್ತಿದ್ದೂ ಅವಳನ್ನ ಬೀದೀಲಿ ನಿಲ್ಲಿಸಿ ಹೇಳಿಸಿದ್ರಾ ಅತ್ತೆ?" ಆಗ್ನೆಸಳ ಮುಖ ಕೆಂಪಾಗಿತ್ತು. "ಅಂಗಡೀಲಿ ನನ್ನ ಮಾನ ಏನಾಗ್ಬೇಕು?"

"ಮನೆಯೊಳಗೆ ಹೇಳಿದ್ರೆ ನಾಳೆ ಬೆಳಗ್ಗೆ ಹಾಸಿಗೆಯಿಂದ ಏಳೋ ಹೊತ್ತಿಗೆ ಇಬ್ರೂ ಬದಲಾಯಿಸಿರ್ತಿದ್ವಿ. ನನಗೂ ಗೊತ್ತು, ನಿನಗೂ ಗೊತ್ತು. ಈಗ ಬದಲಾಯಿಸು ನೋಡೋಣ, ಮಿಸೆಸ್ ಆಗ್ಡನ್ ಮುಂದೆ." ಅಜ್ಜಿ ಚಮಚ ಕೆಳಗಿಟ್ಟಳು. "ನಿಂಗೆ ನಿಜವಾಗ್ಲೂ ಇಷ್ಟ ಇಲ್ವಾ? ಇಲ್ಲ ಅಂದ್ರೆ ಈಗ್ಲೇ ಹೇಳು, ನಾನೇ ಬೀದಿಗೆ ಹೋಗಿ ಊಹೂಂ ಅಂತೀನಿ. ನಿನ್ನೆ ರಾತ್ರಿ ಯಾಕೆ ಮತ್ತೆ ಬೀರು ಮೇಲಿನ ಸೂಟ್‌ಕೇಸು ಇಳಿಸಿ ಒರೆಸ್ತಿದ್ದೆ?"

ಆಗ್ನೆಸ್ ಅತ್ತೆಗೆ ಕಾಣುವಂತೆ ಬೆಳಕಿಗೆ ಮುಖ ತಿರುಗಿಸಿದಳು. "ಇಷ್ಟ ಇತ್ತು," ಎಂದಳು. "ರಾತ್ರಿ ಹೊತ್ತು ರೇಡಿಯೋ ನಾಟಕ ನಿಮಗೆ ತುಟಿಯಲ್ಲಿ ಹೇಳೋಳು ಇವಳೊಬ್ಬಳೇ. ಇವಳನ್ನ ನಾನೇ ಕಳಿಸಿದ್ರೆ ನಿಮಗೇನನ್ಸುತ್ತೋ ಅಂತ."

"ನಂಗೂ ಇಷ್ಟ ಇತ್ತು. ಇವಳು ಒಬ್ಬಳೇ ಕೂತು ತುಟಿಯಲ್ಲಿ ಗ್ಲಾಸ್ಗೋ ಅಂತಿದ್ದಾಗ್ಲಿಂದ, ಅಲ್ಲಿನ ಚಳಿಗೆ ಅಂತ ಜುಲೈಯಲ್ಲಿ ಕಾಲುಚೀಲ ಹೆಣೀತಿದೀನಿ, ಯಾರಾದ್ರೂ ಕೇಳಿದ್ರಾ? ನಿಂಗೆ ಇರೋಳು ಒಬ್ಬಳೇ ಮಗಳು. ನಿಂಗೇನನ್ಸುತ್ತೋ ಅಂತ."

"ನನ್ನನ್ನೇ ಒಂದು ಮಾತು ಕೇಳಬಾರದಿತ್ತಾ ಅತ್ತೆ?"

"ನೀನು ಕೇಳಬಾರದಿತ್ತಾ?"

"ಉಪ್ಪು ಇದೆಯಾ ಆ ಕಡೆ?" ಎಂದ ವಿಲ್ಫ್. ಯಾರೂ ಅವನ ಕಡೆ ನೋಡಲಿಲ್ಲ.

ಗ್ಲಾಸ್ಗೋ ರೈಲು ಹೊರಟದ್ದು ಆಗಸ್ಟಿನಲ್ಲಿ. ಯಂತ್ರ ಅದಾಗಲೇ ಪೆಟ್ಟಿಗೆಗಳಲ್ಲಿ ಮುಂದೆ ಹೋಗಿತ್ತು. ಹೆಟ್ಟಿಯ ಸೂಟ್‌ಕೇಸಿನಲ್ಲಿ ಬೂದು ಕಾಲುಚೀಲಗಳಿದ್ದವು. ಪ್ಲಾಟ್‌ಫಾರ್ಮಿನಲ್ಲಿ ಎಂಜಿನ್ನಿನ ಬುಸುಗುಟ್ಟುವಿಕೆಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ಅಪ್ಪಂದಿರು ಅಮ್ಮಂದಿರು ಗಂಟಲು ಹರಿದುಕೊಳ್ಳುತ್ತಿದ್ದರು. ಅಜ್ಜಿಯೊಬ್ಬಳು ಮಾತ್ರ ನೆಮ್ಮದಿಯಾಗಿ, ಮುಚ್ಚಿದ ಕಿಟಕಿಯ ಗಾಜಿನಾಚೆ ನಿಂತು, ತುಟಿ ಅಗಲಿಸಿ ಮಾತಾಡುತ್ತಿದ್ದಳು.

"ಬೇಗ ಬಂದುಬಿಡು. ನಿಮ್ಮಮ್ಮಂಗೆ ನಾಟಕ ಹೇಳೋಕೆ ಬರಲ್ಲ. ಕೊಲೆ ಮಾಡಿದ್ಯಾರು ಅಂತ ಮೊದಲೇ ಹೇಳಿಬಿಡ್ತಾಳೆ."

ಅದನ್ನು ಪಕ್ಕದಲ್ಲಿ ನಿಂತ ಅಮ್ಮ ಓದಿಬಿಟ್ಟಳು. ಅವಳೂ ಆ ಗಿರಣಿಯವಳೇ ಅಲ್ಲವೇ. ಸರ್ರನೆ ಅತ್ತೆಯ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ಅಷ್ಟೇ ಅಗಲ ಬಾಯಿ ಮಾಡಿ ಏನೋ ಅಂದಳು. ಅಜ್ಜಿ ಅದಕ್ಕೆ ಬೆರಳಾಡಿಸಿ ಏನೋ ಅಂದಳು. ರೈಲು ಅಲುಗಿತು. ಹೆಟ್ಟಿ ಗಾಜಿಗೆ ಅಂಗೈ ಒತ್ತಿ, ಟಾಟಾ, ಟಾಟಾ ಎಂದು ತುಟಿ ಅಗಲಿಸಿಯೇ ಅಗಲಿಸಿದಳು.

ಇಬ್ಬರಲ್ಲಿ ಒಬ್ಬರೂ ಈ ಕಡೆ ನೋಡಲಿಲ್ಲ. ಬೋಗಿ ತಿರುವು ದಾಟುವಾಗಲೂ ಒಬ್ಬರ ಮುಖಕ್ಕೆ ಒಬ್ಬರು ಮುಖ ಕೊಟ್ಟು, ಆ ಅಬ್ಬರದ ನಡುವೆ ಸದ್ದಿಲ್ಲದೆ ಜಗಳವಾಡುತ್ತಲೇ ಇದ್ದರು.